40–60ರ ಸೈಟಿನಲ್ಲಿ ಮಕ್ಕಳಿಗೊಂದು ಸ್ಕೇಟ್ ಪಾರ್ಕ್

ರ್‍ಯಾಂಪ್ ಅಂದ ತಕ್ಷಣ ನಮ್ಮ ಮೇಸ್ತ್ರಿಯ ಕಣ್ಣಿಗೆ ಬಂದದ್ದು ಮನೆ ಗೇಟಿನ ಮುಂದಿನ ಇಳಿಜಾರು. ಮೈಸೂರಿನ ಯಾವ ಬಡಾವಣೆಗೆ ಹೋದರೂ ಅದು ಕಾಣುತ್ತದೆ. ಸ್ಕೂಟರ್ ಹತ್ತಿಸಲು ನೇರ ಇಳಿಜಾರು, ಜಾರದಿರಲಿ ಅಂತ ಮೇಲೆ ಅಡ್ಡಡ್ಡ ಗೆರೆ. ನಮ್ಮ ಹಿತ್ತಲಲ್ಲಿ ಅವರು ಅದನ್ನೇ ಕಟ್ಟಿಕೊಟ್ಟರು. ಮಗಳು ಸ್ಕೇಟ್‌ಬೋರ್ಡ್ ಅನ್ನುವ ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಇಳಿದಳು. ಇಳಿಜಾರು ಮುಗಿದು ನೆಲ ಶುರುವಾಗುವ ಮೂಲೆಯಲ್ಲಿ ಬೋರ್ಡ್ ಗಕ್ಕನೆ ನಿಂತಿತು, ಅವಳು ಮುಂದಕ್ಕೆ ಬಿದ್ದಳು. ಮಂಡಿಗೆ ಪ್ಯಾಡ್ ಇತ್ತು, ಗಾಯವಾಗಲಿಲ್ಲ. ಮಾರನೇ ದಿನ ಅದನ್ನು ಒಡೆಸಿದೆ.

ಸ್ಕೇಟ್‌ಬೋರ್ಡಿನ ಹುಚ್ಚು ಅವಳಿಗೆ ಹತ್ತಿದ್ದು 2021ರ ಜುಲೈನಲ್ಲಿ. ಕೊರೊನಾದಿಂದ ಒಂದು ವರ್ಷ ತಡವಾಗಿ ಟೋಕಿಯೊ ಒಲಿಂಪಿಕ್ಸ್ ನಡೆಯುತ್ತಿತ್ತು. ಸ್ಕೇಟ್‌ಬೋರ್ಡಿಂಗ್ ಒಲಿಂಪಿಕ್ಸಿಗೆ ಬಂದದ್ದು ಅದೇ ಮೊದಲು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ, ಬೆಳ್ಳಿ ಗೆದ್ದ ಬ್ರೆಜಿಲಿನ ರೈಸ್ಸಾ ಲೀಲ್‌ಗೂ 13. "ಅಮ್ಮಾ, ಇವರೆಲ್ಲ ನಮ್ಮ ಶಾಲೆ ಅಕ್ಕಂದಿರ ಥರ ಇದ್ದಾರೆ" ಅಂದಳು. ಆಗ ಅವಳಿಗೆ 8 ವರ್ಷ.

ಬೋರ್ಡೇನೋ ತಂದೆವು. ಓಡಿಸುವುದೆಲ್ಲಿ? ಬೀದಿ ತುಂಬ ಹಂಪು, ಜಲ್ಲಿ. ಕುಕ್ಕರಹಳ್ಳಿ ಕೆರೆಯ ಸುತ್ತ ಮಣ್ಣಿನ ದಾರಿ. ದೊಡ್ಡ ಹುಡುಗರು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಳಿಯುವ ಮಾತಾಡುತ್ತಿದ್ದರು. ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಏನು ಗತಿ? ಅದನ್ನು ಕೇಳಿದ ದಿನವೇ ನಾನು ನಿರ್ಧಾರ ಮಾಡಿದ್ದು, ಇವರಿಗೊಂದು ಜಾಗ ಆಗಲೇಬೇಕು ಅಂತ. ದೊಡ್ಡಪ್ಪನ 40–60ರ ಸೈಟು ಖಾಲಿ ಬಿದ್ದಿತ್ತು. "ಮನೆ ಕಟ್ಟುವವರೆಗೆ ಇಟ್ಟುಕೊಳ್ಳಮ್ಮ, ಆಮೇಲೆ ಒಡೆದರಾಯ್ತು" ಅಂದರು. ಅಕ್ಕಪಕ್ಕದ ಹನ್ನೊಂದು ಮನೆಯವರು ದುಡ್ಡು ಸೇರಿಸಿದೆವು.

ಆ ದುಡ್ಡಿನಲ್ಲಿ ಬಹುಪಾಲು ನೆಲಕ್ಕೇ ಹೋಯಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸ್ಕೇಟ್ ಪಾರ್ಕ್ ಅಂದರೆ ಎಲ್ಲರೂ ಮೊದಲು ಎತ್ತರದ ರ್‍ಯಾಂಪನ್ನೇ ಕೇಳುತ್ತಾರೆ. ಕಲಿಯುವ ಮಗು ಮುಕ್ಕಾಲು ಹೊತ್ತು ಇರುವುದು ಸಪಾಟು ನೆಲದ ಮೇಲೆ. ಅಲ್ಲಿ ತಳ್ಳುವುದು, ತಿರುಗುವುದು, ನಿಲ್ಲಿಸುವುದು, ಬೋರ್ಡಿನ ಸಮೇತ ನೆಗೆಯುವ ಆಲಿ, ಎಲ್ಲವೂ ಬರಬೇಕು. ನೆಲ ತರಿತರಿಯಾಗಿದ್ದರೆ ಮಗು ಒಂದೇ ವಾರಕ್ಕೆ ಬೋರ್ಡನ್ನು ಅಟ್ಟಕ್ಕೆ ಹಾಕುತ್ತದೆ.

30 ಅಡಿ ಅಗಲ, 50 ಅಡಿ ಉದ್ದದ ಜಾಗಕ್ಕೆ 4 ಇಂಚು ದಪ್ಪದ ಕಾಂಕ್ರೀಟ್ ಹಾಕಿಸಿದೆವು. ಅದು 500 ಘನ ಅಡಿ, ರೆಡಿಮಿಕ್ಸ್ ಲಾರಿಯಲ್ಲಿ ಎರಡು ಲೋಡು. ನೀರು ನಿಲ್ಲಬಾರದು, ಬೋರ್ಡ್ ತಾನಾಗೇ ಉರುಳಲೂಬಾರದು. ಅದಕ್ಕೆ 30 ಅಡಿ ಅಗಲದ ಕಡೆಗೆ ಮೂರೂವರೆ ಇಂಚು ವಾಟ ಕೊಟ್ಟೆವು, ಅಂದರೆ ನೂರಕ್ಕೆ ಒಂದರಷ್ಟು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕಾಂಕ್ರೀಟ್ ಸ್ವಲ್ಪ ಬಿಗಿಯಾದ ಮೇಲೆ ಪವರ್ ಟ್ರೋವೆಲ್ ಓಡಿಸಿದೆವು. ಫ್ಯಾನಿನ ಹಾಗೆ ರೆಕ್ಕೆ ತಿರುಗಿಸಿ ನೆಲ ನುಣುಪು ಮಾಡುವ ಈ ಯಂತ್ರ ದಿನದ ಬಾಡಿಗೆಗೆ ಸಿಗುತ್ತದೆ.

ಮೇಸ್ತ್ರಿ ಇಲ್ಲೂ ಪೊರಕೆ ಹಿಡಿದು ಗೆರೆ ಎಳೆಯಲು ಬಂದರು. "ಮೇಡಂ, ಜಾರ್ತದೆ, ಮಕ್ಕಳು ಬಿದ್ದೋಗ್ತವೆ." ಅವರ ಕಾಳಜಿ ನಿಜವಾದದ್ದು. ಸ್ಕೇಟ್‌ಬೋರ್ಡಿನ ಗಟ್ಟಿ ಚಕ್ರವನ್ನು ಕೈಗೆ ಕೊಟ್ಟು, ಗೆರೆ ಇರುವ ನೆಲದ ಮೇಲೆ ಉರುಳಿಸಿ ತೋರಿಸಿದೆ. ಕಡಕಡ ಅಂತ ನಡುಗಿದ್ದು ನೋಡಿ ಅವರೇ ಪೊರಕೆ ಕೆಳಗಿಟ್ಟರು. ನುಣುಪು ಬರಲಿ ಅಂತ ಮೇಲೆ ಒಣ ಸಿಮೆಂಟ್ ಎರಚುವುದನ್ನೂ ಬೇಡ ಅಂದೆ. ಹಾಗೆ ಮಾಡಿದರೆ ಆಮೇಲೆ ಪದರ ಏಳುತ್ತದೆ, ಧೂಳು ಬರುತ್ತದೆ. ಮಾರನೇ ದಿನ ಕಟ್ಟರ್‌ನಿಂದ 10 ಅಡಿಗೊಂದು ಸಣ್ಣ ಸೀಳು, ಒಂದು ಇಂಚು ಆಳ. ಕಾಂಕ್ರೀಟ್ ಬಿರುಕು ಬಿಟ್ಟರೆ ಅಲ್ಲೇ ಬಿಡಲಿ ಅಂತ. ಸೀಳು ಅಗಲವಾದರೆ ಚಕ್ರ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ತೆಳುವಾದ ಬ್ಲೇಡ್. ಆಮೇಲೆ ಬದು ಕಟ್ಟಿ ಎರಡು ವಾರ ನೀರು ನಿಲ್ಲಿಸಿದೆವು. ದಿನಾ ಶಾಲೆಯಿಂದ ಬಂದು "ಆಯ್ತಾ ಆಂಟಿ?" ಅಂತ ಇಣುಕುವ ಮಕ್ಕಳನ್ನು ತಡೆಯುವುದೇ ದೊಡ್ಡ ಕೆಲಸವಾಗಿತ್ತು.

ಇನ್ನು ರ್‍ಯಾಂಪು. ನೇರ ಇಳಿಜಾರಲ್ಲ, ಬಾಣಲೆಯ ಒಳಮೈ ಹಾಗೆ ಬಾಗಿರಬೇಕು. ಆಗ ಬೋರ್ಡ್ ನೆಲದಿಂದ ಮೇಲಕ್ಕೆ ತಡೆಯಿಲ್ಲದೆ ಹೋಗುತ್ತದೆ. ನಮ್ಮದು ಎರಡೇ ಅಡಿ ಎತ್ತರ. ಪ್ಲೈವುಡ್ ಹಾಳೆಯ ಹೊರಗೆ ಒಂದು ಮೊಳೆ, ಅದಕ್ಕೆ 6 ಅಡಿ ದಾರ, ತುದಿಗೆ ಪೆನ್ಸಿಲ್. ಹಾಗೆ ಎಳೆದ ಬಾಗು ನೆಲದ ಮೇಲೆ ನಾಲ್ಕೂವರೆ ಅಡಿ ಉದ್ದ ಬರುತ್ತದೆ. 3 ಅಡಿ ದಾರ ಹಿಡಿದಿದ್ದರೆ ಅದೇ ಎತ್ತರಕ್ಕೆ ಗೋಡೆಯಂತೆ ಕಡಿದಾಗುತ್ತಿತ್ತು, ಮಕ್ಕಳು ಹೆದರುತ್ತಿದ್ದರು. ಬಡಗಿ ಈ ಆಕಾರದಲ್ಲಿ 19 ಎಂಎಂ ಪ್ಲೈವುಡ್ ಪಕ್ಕೆಗಳನ್ನು ಕತ್ತರಿಸಿ, ನಡುವೆ 8 ಇಂಚಿಗೊಂದು ರೀಪು ಹೊಡೆದು, ಮೇಲೆ 6 ಎಂಎಂ ಹಾಳೆಯನ್ನು ಎರಡು ಪದರ ಬಗ್ಗಿಸಿ ಸ್ಕ್ರೂ ಮಾಡಿದರು. ಮೇಲಿನ ಅಂಚಿಗೆ ಎರಡಿಂಚಿನ ಜಿಐ ಪೈಪು, ಕಾಲು ಇಂಚು ಹೊರಗೆ ಚಾಚಿದಂತೆ. ಆ ಪೈಪು ತಾಗಿದಾಗ ಅಂಚು ಬಂತು ಅಂತ ಕಾಲಿಗೆ ತಿಳಿಯುತ್ತದೆ.

ಎರಡನೇ ವಾರಕ್ಕೇ ಎದುರು ಮನೆಯ ಅಜ್ಜಿ ಬಂದರು. ಮಧ್ಯಾಹ್ನ ಕಣ್ಣು ಮುಚ್ಚಲು ಬಿಡುತ್ತಿಲ್ಲ ಅಂತ. ಟೊಳ್ಳು ರ್‍ಯಾಂಪು ಡೊಳ್ಳಿನ ಹಾಗೆ ಸದ್ದು ಮಾಡುತ್ತಿತ್ತು. ಅಡಿಯಲ್ಲಿ ಹಳೇ ಜಮಖಾನ, ತೆಂಗಿನ ನಾರಿನ ಮ್ಯಾಟು ತುರುಕಿದೆವು. ಸದ್ದು ತುಂಬಾ ತಗ್ಗಿತು. ಒಂದರಿಂದ ನಾಲ್ಕರವರೆಗೆ ಗೇಟಿಗೆ ಬೀಗವನ್ನೂ ಹಾಕಿದೆವು.

ಚಕ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ನೆಲದಂಥ ಕಡೆಗೆ 52–54 ಎಂಎಂನ, 99 ಎ ಗಟ್ಟಿತನದ ಚಕ್ರ. ಬೀದಿಗೆ 78 ಎ, ಮೆತ್ತಗಿರುತ್ತದೆ. ಬೇರಿಂಗ್ 608 ನಂಬರಿನದು, ಫಿಡ್ಜೆಟ್ ಸ್ಪಿನ್ನರಿನಲ್ಲಿ ಇದ್ದದ್ದೇ. ಮಳೆಯಲ್ಲಿ ನೆನೆದರೆ ಒರೆಸಿ ಒಣಗಿಸಿ, ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ.

ಮೊದಲ ತಿಂಗಳಲ್ಲಿ 14ರ ಒಬ್ಬ ಹುಡುಗ ಹಿಂದಕ್ಕೆ ಬಿದ್ದು ಕೈಯೂರಿದ. ಮಣಿಕಟ್ಟಿನ ಮೂಳೆ ಮುರಿಯಿತು. ಹೆಲ್ಮೆಟ್, ಮಂಡಿ, ಮೊಣಕೈ ಪ್ಯಾಡ್ ಎಲ್ಲ ಇತ್ತು, ಮಣಿಕಟ್ಟಿನದು ಮಾತ್ರ ಇರಲಿಲ್ಲ. ಕೇಳಿ ಹಾಕಿಸಬೇಕಾದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ನಾಲ್ಕೂ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹೊಸ ಮಕ್ಕಳಿಗೆ ಮೊದಲ ದಿನ ಬೋರ್ಡೇ ಇಲ್ಲ. ಹುಲ್ಲಿನ ಮೇಲೆ ಓಡಿ ಬಂದು ಮಂಡಿ ಪ್ಯಾಡಿನ ಮೇಲೆ ಜಾರಿ ಬೀಳುವುದನ್ನೇ ಕಲಿಸುತ್ತೇನೆ.

ಇನ್ನೊಂದು ತಪ್ಪನ್ನು ತಡವಾಗಿ ಕಂಡೆ. ಸಂಜೆ ದೊಡ್ಡ ಹುಡುಗರು ಸೇರಿದರೆ ಹುಡುಗಿಯರು ಗೇಟಿನ ಹತ್ತಿರವೇ ನಿಂತು ನೋಡಿ ವಾಪಸ್ ಹೋಗುತ್ತಿದ್ದರು. ಯಾರೂ ಬೈದಿರಲಿಲ್ಲ, ಸುಮ್ನೆ ಜಾಗ ಸಿಗುತ್ತಿರಲಿಲ್ಲ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯಲ್ಲಿ 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಕಟ್ಟಿಸಿದ ಸ್ಕೇಟ್ ಪಾರ್ಕಿನ ಬಗ್ಗೆ ಓದಿದ್ದೆ. ಅಲ್ಲಿನ ನಿಯಮ ಎರಡೇ: ಶಾಲೆಗೆ ಹೋಗದವರಿಗೆ ಸ್ಕೇಟಿಂಗ್ ಇಲ್ಲ, ಮೊದಲ ಅವಕಾಶ ಹುಡುಗಿಯರಿಗೆ. ನಾವು ಬುಧವಾರ ಮತ್ತು ಶನಿವಾರ ಸಂಜೆ ನಾಲ್ಕರಿಂದ ಐದೂವರೆ ಹುಡುಗಿಯರಿಗೆ ಮತ್ತು ಹತ್ತು ವರ್ಷದೊಳಗಿನವರಿಗೆ ಅಂತ ಬರೆದು ಹಾಕಿದೆವು. ಮೊದಲ ಬುಧವಾರ ಇಬ್ಬರು ಬಂದರು, ಅದರಲ್ಲೊಬ್ಬಳು ನನ್ನ ಮಗಳು. ಈಗ ಆ ಹೊತ್ತಿಗೆ ಬೋರ್ಡ್ ಸಾಲದೆ ಸರದಿ ಹಚ್ಚುತ್ತೇವೆ.

ಮುಂದಿನ ಕೆಲಸ ಒಂದು ಕಟ್ಟೆ. 8 ಅಡಿ ಉದ್ದ, 1 ಅಡಿ ಎತ್ತರ, ಅಂಚಿಗೆ ಆ್ಯಂಗಲ್ ಕಬ್ಬಿಣ, ಬೋರ್ಡನ್ನು ಅದರ ಮೇಲೆ ಜಾರಿಸಲು. ಅದೇ ಮೇಸ್ತ್ರಿಗೆ ಹೇಳಿದ್ದೇನೆ. "ಈ ಸಲನೂ ನುಣ್ಣಗೇ ಇರಬೇಕು ಅಲ್ವಾ ಮೇಡಂ?" ಅಂತ ಅವರೇ ಕೇಳಿದರು. ಭಾನುವಾರ ಮರಳು ಬರುತ್ತದೆ.