ಮೋಟರ್‌ಹೋಮ್ ಇನ್ಶೂರೆನ್ಸ್ ಕೋಟ್‌ಗಳನ್ನ ಒಂದೇ ತಕ್ಕಡೀಲಿ ತೂಗೋದು ಹೇಗೆ

ಹೋದ ತಿಂಗಳು ಕನ್ನಡ ಕೂಟದ ಪಿಕ್ನಿಕ್‌ಗೆ ನಮ್ಮ ಮೋಟರ್‌ಹೋಮನ್ನೇ (ಒಳಗೇ ಪುಟ್ಟ ಮನೆ ಇರೋ ಗಾಡಿ) ತಗೊಂಡು ಹೋಗಿದ್ವಿ, ಒಳಗೆ ಹತ್ತಿ ನೋಡಿದವರೆಲ್ಲ ಮೊದಲು ಟಾಯ್ಲೆಟ್ ಬಾಗಿಲು ತೆಗೆದು ನೋಡಿದ್ರು, ಆಮೇಲೆ ಮೈಲೇಜ್ ಕೇಳಿದ್ರು (ಗ್ಯಾಲನ್‌ಗೆ 9 ಮೈಲಿ, ಆ ವಿಷಯ ಬಿಡಿ), ಮೂರನೇ ಪ್ರಶ್ನೆ ಎಲ್ಲರದ್ದೂ ಒಂದೇ, ಇನ್ಶೂರೆನ್ಸ್ ಎಷ್ಟಾಗತ್ತೆ. ಯಾವ ಕಂಪನಿ ಚೀಪು. ಇದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಹೇಳಕ್ಕಾಗಲ್ಲ, ಯಾಕೆ ಆಗಲ್ಲ ಅಂತ ಹೇಳೋಷ್ಟರಲ್ಲಿ ಬಿಸಿಬೇಳೆಭಾತ್ ಖಾಲಿ ಆಗಿರತ್ತೆ, ಅದಕ್ಕೆ ಇಲ್ಲೇ ಪೂರ್ತಿ ಬರೀತಿದೀನಿ. ನಾವಿರೋದು ಕ್ಯಾಲಿಫೋರ್ನಿಯಾ, ಉದಾಹರಣೆಗಳೆಲ್ಲ ಇಲ್ಲಿಯವು, ಬೇರೆ ಸ್ಟೇಟ್‌ನೋರು ನಿಮ್ಮ ಕಡೆ ರೂಲ್ಸ್ ನೋಡ್ಕೊಳಿ.

ಮೊದಲು ನಮ್ಮ ಕಥೆ. ನಮ್ಮದು 24 ಅಡಿ ಕ್ಲಾಸ್ ಸಿ, ಅಂದ್ರೆ ಡ್ರೈವರ್ ತಲೆ ಮೇಲೆ ಮಂಚ ಚಾಚಿಕೊಂಡಿರತ್ತಲ್ಲ ಅದು, ಸೆಕೆಂಡ್ ಹ್ಯಾಂಡು, 52,000 ಡಾಲರ್‌ಗೆ ಬಂತು. ಎರಡು ಕೋಟ್ ತಗೊಂಡೆ, ಅಂದ್ರೆ ಇಷ್ಟಕ್ಕೆ ಇನ್ಶೂರೆನ್ಸ್ ಕೊಡ್ತೀವಿ ಅಂತ ಕಂಪನಿ ಹೇಳೋ ರೇಟು. ಒಂದು ವರ್ಷಕ್ಕೆ 1,140, ಇನ್ನೊಂದು 1,690. 550 ಡಾಲರ್ ವ್ಯತ್ಯಾಸ, ಇದರಲ್ಲಿ ಯೋಚನೆ ಮಾಡೋದೇನಿದೆ ಅಂತ ಕಾರ್ಡ್ ತೆಗೆದು ನಂಬರ್ ಹೊಡೀತಾ ಇದ್ದೆ, ನನ್ನ ಹೆಂಡ್ತಿ ಎರಡೂ ಪ್ರಿಂಟ್ ತೆಗೆದು ಡೈನಿಂಗ್ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ಹೈಲೈಟರ್ ಹಿಡ್ಕೊಂಡು ಕೂತಳು. ಅಗ್ಗದ್ದರಲ್ಲಿ ಲಯಬಿಲಿಟಿ, ಅಂದ್ರೆ ನಮ್ಮ ತಪ್ಪಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ ಕೊಡೋದು, 50/100, ಇನ್ನೊಂದರಲ್ಲಿ 100/300 (ಈ ನಂಬರ್‌ಗಳ ಅರ್ಥ ಕೆಳಗೆ ಹೇಳ್ತೀನಿ). ಅಗ್ಗದ್ದರಲ್ಲಿ ಡಿಡಕ್ಟಿಬಲ್, ಅಂದ್ರೆ ಕ್ಲೇಮ್ ಆದಾಗ ಮೊದಲು ನಮ್ಮ ಜೇಬಿಂದ ಹೋಗೋದು, 2,500, ಇನ್ನೊಂದರಲ್ಲಿ 500. ಅಗ್ಗದ್ದರಲ್ಲಿ ಗಾಡಿ ಹೋದ್ರೆ ಅವತ್ತಿನ ಮಾರ್ಕೆಟ್ ಬೆಲೆ, ಇನ್ನೊಂದರಲ್ಲಿ ಮೊದಲೇ ಒಪ್ಪಿಕೊಂಡ ಬೆಲೆ. ಒಳಗಿರೋ ಸಾಮಾನಿಗೆ ಅಗ್ಗದ್ದರಲ್ಲಿ ಸೊನ್ನೆ. ಅಗ್ಗದ ಕಂಪನಿಗೆ ಫೋನ್ ಮಾಡಿ ಇದನ್ನೆಲ್ಲ ಇನ್ನೊಂದರ ಥರಾನೇ ಮಾಡಿ ಅಂದೆ, 1,610 ಆಯ್ತು. ಅಷ್ಟು ಹೊತ್ತು 550 ಅನ್ಕೊಂಡಿದ್ದು ನಿಜವಾಗ್ಲೂ 80 ಡಾಲರ್.

ಅದಕ್ಕೆ ನಾನು ಹೇಳೋದು, ಯಾವ ಕಂಪನಿಗೂ ಫೋನ್ ಮಾಡೋ ಮುಂಚೆ ಒಂದು ಹಾಳೆ ಮೇಲೆ ನಿಮಗೆ ಏನೇನು ಬೇಕು ಅಂತ ಬರ್ಕೊಳಿ, ಆ ಹಾಳೆ ಓದಿ ಹೇಳಿ, ಎಲ್ಲರ ಹತ್ರನೂ ಅದೇ ಹಾಳೆ. ಏಜೆಂಟ್ "ನಿಮಗೆ ಇದು ಬೇಡ ಬಿಡಿ, ಕಮ್ಮಿ ಮಾಡ್ಕೊಡ್ತೀನಿ" ಅಂತಾನೆ, ಆಯ್ತು ಆಮೇಲೆ ನೋಡೋಣ, ಮೊದಲು ನಾನು ಹೇಳಿದ್ದಕ್ಕೆ ರೇಟ್ ಹೇಳಿ ಅನ್ನಿ.

ಹಾಳೇಲಿ ಮೊದಲನೇದು ಗಾಡಿ ವಿವರ. ಇದರಲ್ಲೇ ಎಡವೋರು ಜಾಸ್ತಿ. ಮೋಟರ್‌ಹೋಮಲ್ಲಿ ಕೆಳಗಿನ ಚಾಸಿ ಒಬ್ಬರದ್ದು, ಮೇಲಿನ ಮನೆ ಇನ್ನೊಬ್ಬರದ್ದು, ನಮ್ಮದಕ್ಕೆ ಫೋರ್ಡ್ ಇ-350 ಚಾಸಿ. ಚಾಸಿ 2015ರದ್ದು, ಮನೆ ಕಟ್ಟಿ ಮಾರಿದ್ದು 2016ರ ಮಾಡೆಲ್ ಅಂತ. ಆನ್‌ಲೈನ್ ಫಾರ್ಮಲ್ಲಿ ವಿನ್ ನಂಬರ್ (ಪ್ರತಿ ಗಾಡಿಗೂ ಇರೋ ಗುರುತಿನ ಸಂಖ್ಯೆ) ಹಾಕಿದ್ರೆ ಕೆಲವು ಕಡೆ ಬರೀ ಫೋರ್ಡ್ ಟ್ರಕ್ ಅಂತ ತೋರಿಸಿ ಅದಕ್ಕೆ ತಕ್ಕ ರೇಟ್ ಕೊಡತ್ತೆ, ನೋಡಕ್ಕೆ ಭಾರಿ ಕಮ್ಮಿ, ಮನೇನೇ ಲೆಕ್ಕಕ್ಕೆ ಇಲ್ಲ. ಮನೆ ಕಟ್ಟಿದ ಕಂಪನಿ, ಮಾಡೆಲ್, ಉದ್ದ, ನೀವು ಕೊಟ್ಟ ಬೆಲೆ, ಆಮೇಲೆ ಹಾಕ್ಸಿರೋ ಸೋಲಾರ್ ಪ್ಯಾನಲ್ಲು ಲಿಥಿಯಂ ಬ್ಯಾಟರಿ ಎಲ್ಲ ಬರೀರಿ. ಇನ್ನೊಂದು, ಕಾರಿಗೆ ಕಟ್ಟಿ ಎಳೆಯೋ ಟ್ರೇಲರ್ ಆದ್ರೆ ರಸ್ತೆ ಮೇಲೆ ಎಳೀತಿರೋವಾಗ ಎದುರಿನೋರಿಗೆ ಆಗೋ ನಷ್ಟ ಸಾಮಾನ್ಯವಾಗಿ ಎಳೆಯೋ ಗಾಡಿ ಪಾಲಿಸಿಯಿಂದಾನೇ ಬರತ್ತೆ, ಆದ್ರೆ ತಾನೇ ಓಡೋ ಮೋಟರ್‌ಹೋಮ್‌ಗೆ ಅದರದ್ದೇ ಲಯಬಿಲಿಟಿ ಬೇಕೇ ಬೇಕು, ನಿಮ್ಮ ಕಾರ್ ಪಾಲಿಸಿ ಇದಕ್ಕೆ ಆಗಲ್ಲ.

ಲಯಬಿಲಿಟಿ ನಂಬರ್‌ಗಳು ಗೊತ್ತಿರೋರು ಈ ಪ್ಯಾರಾ ಬಿಡಿ. 100/300/100 ಅಂದ್ರೆ ನಿಮ್ಮ ತಪ್ಪಿಂದ ಒಬ್ಬರಿಗೆ ಪೆಟ್ಟಾದ್ರೆ 1 ಲಕ್ಷ ಡಾಲರ್‌ವರೆಗೆ, ಒಂದು ಆಕ್ಸಿಡೆಂಟಲ್ಲಿ ಎಲ್ಲರಿಗೂ ಸೇರಿ 3 ಲಕ್ಷ, ಮುರಿದ ಗಾಡಿ ಗೋಡೆಗೆ 1 ಲಕ್ಷ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಕನಿಷ್ಠ 30/60/15, ಅದಕ್ಕೂ ಮುಂಚೆ 15/30/5 ಇತ್ತು. ಕನಿಷ್ಠ ತಗೊಂಡು ಐದಾರು ಟನ್ ಗಾಡಿ ಓಡಿಸ್ಬೇಡಿ, ಮುಂದಿರೋ ಒಂದು ಟೆಸ್ಲಾಗೆ ಗುದ್ದಿದ್ರೆ 15,000 ಎಲ್ಲಿಗೂ ಸಾಲಲ್ಲ. ಮನೆ, ಸೇವಿಂಗ್ಸು ಇರೋರು ಅಂಬ್ರೆಲಾ ಪಾಲಿಸಿ (ಬೇರೆ ಪಾಲಿಸಿಗಳ ಲಯಬಿಲಿಟಿ ಮುಗಿದ್ಮೇಲೆ ಅದರ ಮೇಲಿನದಕ್ಕೆ ಕೊಡೋದು) ಇಟ್ಕೊಂಡಿದ್ರೆ ಅದಕ್ಕೆ ಕೆಳಗಿನ ಪಾಲಿಸಿ ಇಷ್ಟಿರ್ಬೇಕು ಅಂತ ಷರತ್ತಿರತ್ತೆ, ಎಷ್ಟೋ ಕಡೆ 250/500, ಮತ್ತೆ ಮೋಟರ್‌ಹೋಮ್ ಇದೆ ಅಂತ ಅವರಿಗೂ ಹೇಳಿರ್ಬೇಕು.

ಈಗ ಮುಖ್ಯದ್ದು, ಗಾಡಿ ಪೂರ್ತಿ ಹೋದ್ರೆ ಎಷ್ಟು ಕೊಡ್ತಾರೆ. ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ ಅಂದ್ರೆ ಹೋದ ದಿನ ಮಾರ್ಕೆಟಲ್ಲಿ ಎಷ್ಟಿತ್ತೋ ಅಷ್ಟು, ಸವಕಳಿ ಕಳೆದು. ಹೊಸ ಮೋಟರ್‌ಹೋಮ್ ಷೋರೂಮಿಂದ ಆಚೆ ಬಂದ್ಮೇಲೆ ಬೆಲೆ ಹೇಗೆ ಇಳಿಯತ್ತೆ ಅಂತ ಗೊತ್ತಿದ್ದೋರಿಗೆ ಇದು ಎಷ್ಟು ನೋವು ಅಂತ ಗೊತ್ತು, ಅದರಲ್ಲೂ ಹದಿನೈದು ವರ್ಷದ ಲೋನ್ ಇದ್ರೆ ಗಾಡಿ ಹೋದ್ಮೇಲೂ ಕಂತು ಕಟ್ತಾ ಇರ್ಬೇಕಾಗತ್ತೆ. ಅಗ್ರೀಡ್ ವ್ಯಾಲ್ಯೂ ಅಂದ್ರೆ ಪಾಲಿಸಿ ಮಾಡುವಾಗಲೇ ಇಬ್ಬರೂ ಸೇರಿ ಒಂದು ಬೆಲೆ ಒಪ್ಕೊಳೋದು, ಹೋದ್ರೆ ಅಷ್ಟೇ ಕೊಡ್ತಾರೆ. ಟೋಟಲ್ ಲಾಸ್ ರಿಪ್ಲೇಸ್‌ಮೆಂಟ್ ಅಂದ್ರೆ ಅದೇ ಥರದ್ದು ಹೊಸದು, ಸಾಮಾನ್ಯವಾಗಿ ಗಾಡಿ ಹೊಸದಿರೋ ಮೊದಲ ಕೆಲವು ವರ್ಷಕ್ಕೆ ಮಾತ್ರ. ಇವೆಲ್ಲದರ ಮಧ್ಯೆ ಒಂದು ಕಳ್ಳ ಇದಾನೆ, ಸ್ಟೇಟೆಡ್ ವ್ಯಾಲ್ಯೂ. ಕೇಳಕ್ಕೆ ಅಗ್ರೀಡ್ ಥರಾನೇ, ನೀವು 52,000 ಅಂತ ಹೇಳ್ತೀರಿ, ಅದಕ್ಕೆ ಪ್ರೀಮಿಯಂ ಕಟ್ತೀರಿ, ಆದ್ರೆ ಕ್ಲೇಮ್ ದಿನ ನೀವು ಹೇಳಿದ್ದು ಅಥವಾ ಮಾರ್ಕೆಟ್ ಬೆಲೆ ಎರಡರಲ್ಲಿ ಯಾವುದು ಕಮ್ಮಿನೋ ಅದು. ಫೋನಲ್ಲಿ ಏಜೆಂಟ್ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ಬಿಡ್ತಾರೆ, ಇಮೇಲಲ್ಲಿ ಬರೆದು ಕಳ್ಸಿ ಅನ್ನಿ. ಮಾರ್ಕೆಟ್ ಬೆಲೆ ಎಷ್ಟಿದೆ ಅಂತ ನೋಡಕ್ಕೆ ಜೆ.ಡಿ. ಪವರ್‌ನ ಆರ್‌ವಿ (ಮೋಟರ್‌ಹೋಮ್, ಟ್ರೇಲರ್ ಎಲ್ಲ ಸೇರಿಸಿ ಹೇಳೋ ಹೆಸರು) ಬೆಲೆ ಪಟ್ಟಿ ಇದೆ, ಮೊದಲು ನಾಡಾ ಗೈಡ್ಸ್ ಅಂತಿದ್ರಲ್ಲ ಅದೇ.

ಆಮೇಲೆ ಮನೆ ಭಾಗ. ಕಾರ್ ಇನ್ಶೂರೆನ್ಸಲ್ಲಿ ಇಲ್ಲದ್ದು ಇದೇ. ಒಳಗಿರೋ ಸಾಮಾನು, ಅಂದ್ರೆ ಲ್ಯಾಪ್‌ಟಾಪ್, ಹಾಸಿಗೆ, ಸೈಕಲ್, ಕುಕ್ಕರ್, ಮಿಕ್ಸಿ, ನನ್ನ ಮಗಳ ವಯೊಲಿನ್, ಇದಕ್ಕೆ ಪರ್ಸನಲ್ ಎಫೆಕ್ಟ್ಸ್ ಅಂತಾರೆ, ಒಮ್ಮೆ ಎಲ್ಲ ಕೂಡಿ ಲೆಕ್ಕ ಹಾಕಿ, ನಮ್ಮದು 4,000 ದಾಟಿತು, ನಂಬಕ್ಕೇ ಆಗ್ಲಿಲ್ಲ. ವೆಕೇಶನ್ ಲಯಬಿಲಿಟಿ ಅಂದ್ರೆ ಕ್ಯಾಂಪ್‌ಗ್ರೌಂಡಲ್ಲಿ ನಿಲ್ಸಿದಾಗ ಪಕ್ಕದೋರು ನಿಮ್ಮ ಮೆಟ್ಟಿಲು ಎಡವಿ ಬಿದ್ರೆ. ಎಮರ್ಜೆನ್ಸಿ ಎಕ್ಸ್‌ಪೆನ್ಸ್ ಅಂದ್ರೆ ದಾರೀಲಿ ಆಕ್ಸಿಡೆಂಟ್ ಆಗಿ ಗಾಡಿ ಗ್ಯಾರೇಜ್ ಸೇರಿದ್ರೆ ಹೋಟೆಲ್ ಖರ್ಚು, ಮನೆಯಿಂದ ಇಷ್ಟು ಮೈಲಿ ದೂರ ಇದ್ರೆ ಮಾತ್ರ ಅಂತ ಇರತ್ತೆ, ಆ ಮೈಲಿ ಎಷ್ಟು ಅಂತ ಕೇಳಿ. ಟೋಯಿಂಗ್ ಬಗ್ಗೆ ಒಂದು ಮಾತು, ನಮ್ಮ ಹತ್ರ ಟ್ರಿಪಲ್ ಎ (ದಾರೀಲಿ ಗಾಡಿ ಕೆಟ್ರೆ ಸಹಾಯಕ್ಕೆ ಬರೋ ಕ್ಲಬ್) ಇದ್ಯಲ್ಲ ಅನ್ಕೋಬೇಡಿ, ಕಾರಿಗೆ ಅಂತ ತಗೊಂಡ ಸಾದಾ ಮೆಂಬರ್‌ಶಿಪ್ಪಲ್ಲಿ ಎಷ್ಟೋ ಸಲ ಮೋಟರ್‌ಹೋಮ್ ಬರಲ್ಲ, ಆರ್‌ವಿ ಸೇರಿರೋ ಪ್ಲ್ಯಾನ್ ಬೇರೆ ಇದೆ. ಡೆತ್ ವ್ಯಾಲಿ ಮಧ್ಯೆ ನಿಂತು ಅದನ್ನ ಕಂಡುಹಿಡಿಯೋದು ಬೇಡ.

ಏನೇ ಮಾಡಿದ್ರೂ ಕೊಡದೇ ಇರೋದು ಒಂದಿದೆ, ನೀರು ಸೋರೋದು. ನಮ್ಮ ಎರಡನೇ ವರ್ಷದ ಚಳಿಗಾಲ ಜೋರು ಮಳೆ, ತಲೆ ಮೇಲಿನ ಮಂಚದ ಮೂಲೇಲಿ ಕಾಫಿ ಚೆಲ್ಲಿದ ಹಾಗೆ ಒಂದು ಕಲೆ. ಮಳೆಯಿಂದ ಆಯ್ತು ಅಂತ ಕ್ಲೇಮ್ ಹಾಕ್ದೆ. ಅಡ್ಜಸ್ಟರ್ (ನಷ್ಟ ನೋಡಕ್ಕೆ ಕಂಪನಿ ಕಳ್ಸೋನು) ಬಂದ, ಒಂದು ಮಾತಾಡ್ಲಿಲ್ಲ, ಕಲೆ ಮೇಲೆ ಹೆಬ್ಬೆರಳಿಟ್ಟು ಒತ್ತಿದ, ಗೋಡೆ ನೆನೆಸಿದ ರಸ್ಕ್ ಥರ ಒಳಗೆ ಹೋಯ್ತು. "ಇದು ಒಂದು ಮಳೆ ನೀರಲ್ಲ ಸಾರ್, ವರ್ಷದ್ದು" ಅಂದ. ಒಳಗಿನ ಮರ ಕೊಳೆತಿತ್ತು, ರಿಪೇರಿ 6,800 ಡಾಲರ್, ನಮ್ಮ ಜೇಬಿಂದಾನೇ. ಬೈಕೊಂಡೆ, ಆದ್ರೆ ಪಾಲಿಸಿ ತೆಗೆದು ಓದಿದ್ರೆ ನಿಧಾನವಾಗಿ ಆಗೋ ಸೋರಿಕೆ, ಬೂಷ್ಟು, ಸವೆತ, ತಯಾರಿಸಿದೋರ ದೋಷ ಇವೆಲ್ಲ ಇಲ್ಲ ಅಂತ ಸ್ಪಷ್ಟವಾಗೇ ಇತ್ತು, ಬೇರೆ ಕಂಪನಿಗಳದ್ದೂ ತೆಗೆದು ನೋಡ್ದೆ, ಅಲ್ಲೂ ಹಾಗೇ. ಇಲಿ ಕಡಿದ ವೈರು ಕೆಲವರದ್ದರಲ್ಲಿ ಇದೆ ಕೆಲವರದ್ದರಲ್ಲಿ ಇಲ್ಲ, ಹೊರಗೆ ಸ್ಟೋರೇಜ್ ಲಾಟಲ್ಲಿ ನಿಲ್ಸೋರು ಅದನ್ನ ಹಾಳೇಲಿ ಬರ್ಕೊಳಿ. ಈಗ ನಾನು ಆರು ತಿಂಗಳಿಗೊಂದ್ಸಲ ಏಣಿ ಹಾಕಿ ರೂಫ್ ಸೀಲು ನೋಡಿ ತಾರೀಖಿರೋ ಫೋಟೋ ಇಟ್ಕೋತೀನಿ, ನಾಳೆ ನಿಜವಾಗ್ಲೂ ಮರ ಬಿದ್ದು ರೂಫ್ ಒಡೆದ್ರೆ ಮುಂಚೆ ಚೆನ್ನಾಗಿತ್ತು ಅಂತ ತೋರ್ಸಕ್ಕೆ.

ಯಾರ ಹತ್ರ ಕೇಳೋದು. ಮೂರು ಬಾಗಿಲು ತಟ್ಟಿ ಸಾಕು. ಒಂದು, ಈಗ ನಿಮ್ಮ ಕಾರು ಮನೆ ಇನ್ಶೂರೆನ್ಸ್ ಇರೋರು, ಸ್ಟೇಟ್ ಫಾರ್ಮ್ ಆಗ್ಲಿ ಟ್ರಿಪಲ್ ಎ ಆಗ್ಲಿ, ಒಟ್ಟಿಗೆ ಇದ್ರೆ ಡಿಸ್ಕೌಂಟ್ ಕೊಡ್ತಾರೆ, ಆದ್ರೆ ಕೆಲವರು ಮೋಟರ್‌ಹೋಮನ್ನ ದೊಡ್ಡ ಕಾರು ಥರಾನೇ ನೋಡ್ತಾರೆ, ಮನೆ ಭಾಗ ಸಣ್ಣದಿರತ್ತೆ. ಎರಡು, ಆರ್‌ವಿಗೆ ಅಂತಾನೇ ಪಾಲಿಸಿ ಮಾಡಿರೋರು, ಪ್ರೊಗ್ರೆಸ್ಸಿವ್, ನ್ಯಾಷನಲ್ ಜನರಲ್ (2021ರಿಂದ ಆಲ್‌ಸ್ಟೇಟ್ ಕೈಲಿದೆ), ಫೋರ್‌ಮೋಸ್ಟ್ (ಇದು ಫಾರ್ಮರ್ಸ್‌ದು). ಗುಡ್ ಸ್ಯಾಮ್ ಅಂತ ಎಲ್ಲರೂ ಹೇಳ್ತಾರೆ, ಅದು ಇನ್ಶೂರೆನ್ಸ್ ಕಂಪನಿ ಅಲ್ಲ, ಏಜೆನ್ಸಿ, ಹಿಂದೆ ಯಾವ ಕಂಪನಿ ಇದೆ ಅಂತ ಕೋಟ್ ಮೇಲೆ ನೋಡಿ, ಇಲ್ಲಾಂದ್ರೆ ಒಂದೇ ಕಂಪನೀನ ಎರಡು ಸಲ ಹೋಲಿಸ್ತಾ ಕೂತಿರ್ತೀರಿ, ನಾನು ಕೂತಿದ್ದೆ. ಮೂರು, ಹತ್ತಾರು ಕಂಪನಿ ಇಟ್ಕೊಂಡಿರೋ ಇಂಡಿಪೆಂಡೆಂಟ್ ಏಜೆಂಟ್.

ಕಂಪನಿ ಹೇಗೆ ಅಂತ ನೋಡಕ್ಕೆ ಸ್ಟಾರ್ ರೇಟಿಂಗ್ ಓದ್ತಾ ಕೂರ್ಬೇಡಿ. ಎನ್‌ಎಐಸಿ ಅಂತ ಎಲ್ಲಾ ಸ್ಟೇಟ್‌ನ ಇನ್ಶೂರೆನ್ಸ್ ಕಮಿಷನರ್‌ಗಳ ಸಂಸ್ಥೆ ಇದೆ, ಅಲ್ಲಿ ಕಂಪ್ಲೇಂಟ್ ಇಂಡೆಕ್ಸ್ ಸಿಗತ್ತೆ, 1 ಅಂದ್ರೆ ಕಂಪನಿ ಗಾತ್ರಕ್ಕೆ ತಕ್ಕಷ್ಟೇ ದೂರು, 2 ಅಂದ್ರೆ ಅದರ ಎರಡರಷ್ಟು. ಒಂದೇ ಹೆಸರಲ್ಲಿ ನಾಲ್ಕೈದು ಕಂಪನಿ ಇರ್ತಾವೆ, ಕೋಟ್ ಕೆಳಗೆ ಸಣ್ಣಕ್ಷರದಲ್ಲಿರೋ ಪೂರ್ತಿ ಹೆಸರು ಹಾಕಿ ಹುಡ್ಕಿ. ದುಡ್ಡಿನ ತಾಕತ್ತಿಗೆ ಎಎಂ ಬೆಸ್ಟ್ ರೇಟಿಂಗ್, ಎ ಅಥವಾ ಮೇಲೆ ಇದ್ರೆ ಮುಂದೆ ಹೋಗಿ.

ರೇಟ್ ಕಮ್ಮಿ ಮಾಡೋದು ಕೊನೆಗೆ. ಡಿಡಕ್ಟಿಬಲ್ ಏರಿಸಿ ಅಂತ ಎಲ್ಲರೂ ಹೇಳ್ತಾರೆ, ಭಾಗಾಕಾರ ಮಾಡಿ ನೋಡಿ. ನಮಗೆ 500ರಿಂದ 1,000ಕ್ಕೆ ಹೋದ್ರೆ ವರ್ಷಕ್ಕೆ 70 ಉಳೀತಿತ್ತು, ಆ ಹೆಚ್ಚಿನ 500 ವಾಪಸ್ ಬರಕ್ಕೆ ಏಳು ವರ್ಷ ಯಾವ ಕ್ಲೇಮೂ ಇಲ್ದೇ ಓಡಿಸ್ಬೇಕು, ಬೇಡ ಅಂದೆ. ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಕಮ್ಮಿ ಆಗತ್ತೆ, ಕಂತಿನ ಫೀಸೂ ಉಳಿಯತ್ತೆ. ಚಳಿಗಾಲ ಪೂರ್ತಿ ನಿಲ್ಸೋರು ಸ್ಟೋರೇಜ್ ಅಥವಾ ಲೇ-ಅಪ್ ಆಪ್ಷನ್ ಕೇಳಿ, ಕಳ್ಳತನ ಬೆಂಕಿಗೆ ಇರೋ ಕಾಂಪ್ರಹೆನ್ಸಿವ್ ಉಳಿಸ್ಕೊಂಡು ಓಡಿಸೋ ಭಾಗ ನಿಲ್ಸೋದು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಮಾಡೋದಾದ್ರೆ ಡಿಎಂವಿಗೆ (ಗಾಡಿ ರಿಜಿಸ್ಟ್ರೇಶನ್ ನೋಡೋ ಇಲಾಖೆ) ಗಾಡಿ ಓಡಿಸಲ್ಲ ಅಂತ ಅಫಿಡವಿಟ್ ಆಫ್ ನಾನ್-ಯೂಸ್ ಕೊಡ್ಬೇಕು, ಆಮೇಲೆ ಅದನ್ನ ಮನೆ ಮುಂದಿನ ರೋಡಲ್ಲೂ ನಿಲ್ಸೋ ಹಾಗಿಲ್ಲ. ಲೋನ್ ಇದ್ರೆ ಬ್ಯಾಂಕ್ ಒಪ್ಪಲ್ಲ ಬಿಡಿ. ಟೆಕ್ಸಸ್‌ನಲ್ಲಿರೋ ನನ್ನ ಭಾವಂಗೆ ಕ್ರೆಡಿಟ್ ಸ್ಕೋರ್ ನೋಡಿ ರೇಟ್ ಹಾಕಿದ್ರು, ಇಲ್ಲಿ ಅದನ್ನ ನೋಡೋ ಹಾಗಿಲ್ಲ, ಹಾಗಾಗಿ ಅವನ ರೇಟು ನನ್ನ ರೇಟು ಪಕ್ಕದಲ್ಲಿಟ್ಟು ಜಗಳ ಆಡೋದ್ರಲ್ಲಿ ಅರ್ಥ ಇಲ್ಲ.

ಸುಳ್ಳು ಹೇಳ್ಬಾರದ ವಿಷಯಗಳು ಕೆಲವು. ವರ್ಷದಲ್ಲಿ ಆರು ತಿಂಗಳ ಹತ್ರ ಅದರಲ್ಲೇ ಇರ್ತೀರಾ ಅಂದ್ರೆ ಫುಲ್-ಟೈಮರ್ ಪಾಲಿಸಿ ಬೇಕು. ಔಟ್‌ಡೋರ್ಸಿ, ಆರ್‌ವಿಷೇರ್‌ನಲ್ಲಿ ಬಾಡಿಗೆಗೆ ಬಿಡ್ತೀರಾ ಅಂದ್ರೆ ಸಾದಾ ಪಾಲಿಸಿಯೋರು ಆ ದಿನಗಳಿಗೆ ಸಾಮಾನ್ಯವಾಗಿ ಕೊಡಲ್ಲ, ಗೊತ್ತಾದ್ರೆ ಪಾಲಿಸೀನೇ ರದ್ದು ಮಾಡಬಹುದು. ಮೆಕ್ಸಿಕೊಗೆ ಹೋದ್ರೆ ಅಲ್ಲಿನ ಇನ್ಶೂರೆನ್ಸ್ ಬೇರೆ ತಗೋಬೇಕು, ಕೆನಡಾಗೆ ಸಾಮಾನ್ಯವಾಗಿ ನಮ್ಮದೇ ನಡಿಯತ್ತೆ. ಊರಿಂದ ಅಪ್ಪ ಬಂದಿರ್ತಾರೆ, "ನಾನು ನಲವತ್ತು ವರ್ಷ ಗಾಡಿ ಓಡ್ಸಿದೀನಿ ಕಣೋ, ಕೊಡು ಸ್ವಲ್ಪ" ಅಂತಾರೆ, ಕೀ ಕೊಡೋ ಮುಂಚೆ ಇಂಡಿಯಾ ಲೈಸೆನ್ಸ್ ಇರೋರು ಓಡಿಸಿದ್ರೆ ಕವರ್ ಇದ್ಯಾ ಅಂತ ಕಂಪನಿ ಹತ್ರ ಬರೆಸ್ಕೊಳಿ. ನಮ್ಮಪ್ಪಂಗೆ ಪಕ್ಕದ ಸೀಟು, ಮ್ಯಾಪ್ ನೋಡೋ ಕೆಲಸ.

ಒಂದು ಆರಿಸಿದ್ಮೇಲೆ ಹಳೇ ಪಾಲಿಸಿ ಇದ್ರೆ ಹೊಸದು ಶುರುವಾದ ದಿನದಿಂದ ಮಾತ್ರ ರದ್ದು ಮಾಡ್ಸಿ, ಮಧ್ಯೆ ಒಂದು ದಿನಾನೂ ಖಾಲಿ ಬಿಡ್ಬೇಡಿ. ಡಿಕ್ಲರೇಶನ್ಸ್ ಪೇಜ್ ಅಂತ ಒಂದೆರಡು ಹಾಳೆ ಬರತ್ತೆ, ನಿಮ್ಮ ಮೊದಲ ಹಾಳೆ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಟಿಕ್ ಹಾಕಿ, ಅಗ್ರೀಡ್ ವ್ಯಾಲ್ಯೂ ಅನ್ನೋ ಪದ ಅಲ್ಲಿ ಇದ್ಯಾ ನೋಡಿ, ವಿನ್ ನಂಬರಿನ ಹದಿನೇಳೂ ಅಕ್ಷರ ಗಾಡಿ ಹತ್ರ ಹೋಗಿ ಓದಿ. ನಮ್ಮದರಲ್ಲಿ 8 ಇರೋ ಕಡೆ ಬಿ ಅಂತ ಹೊಡೆದಿದ್ರು, ಇನ್ಶೂರೆನ್ಸ್ ಇಲ್ಲ ಅಂತ ಡಿಎಂವಿಯಿಂದ ಕಾಗದ ಬಂದ್ಮೇಲೇ ಗೊತ್ತಾಗಿದ್ದು.