ಮೂರು ಗಂಟೆ ಐವತ್ತು ನಿಮಿಷ ಸಾಲಲಿಲ್ಲ

ಧರ್ಮಕಾರ್ಯಕ್ಕೆ ಹಣ ಸಂಗ್ರಹಿಸಿಕೊಟ್ಟು ಹೋಗುವ ದಾರಿಯನ್ನು ಬಿಟ್ಟರೆ, ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಬೇಕೆನ್ನುವವರು ಮಾನ್ಯತೆ ಪಡೆದ ಬೇರೊಂದು ಮ್ಯಾರಥಾನನ್ನು ಅಲ್ಲಿನವರು ಗೊತ್ತುಮಾಡಿದ ಸಮಯದೊಳಗೆ ಮುಗಿಸಿರಬೇಕು. 2026ರ ಓಟಕ್ಕೆ 55ರಿಂದ 59 ವರ್ಷದ ಗಂಡಸರಿಗೆ ಆ ಸಮಯ 3 ಗಂಟೆ 30 ನಿಮಿಷವಿದ್ದರೆ, 60ರಿಂದ 64ರವರಿಗೆ 3 ಗಂಟೆ 50 ನಿಮಿಷವಿತ್ತು. ಲೆಕ್ಕಕ್ಕೆ ಬರುವುದು ಅರ್ಹತೆಯ ಓಟದ ದಿನದ ವಯಸ್ಸಲ್ಲ, ಬಾಸ್ಟನ್ ಓಟದ ದಿನದ ವಯಸ್ಸು. ನನಗೆ 60 ತುಂಬುವುದು 2026ರ ಫೆಬ್ರುವರಿಯಲ್ಲಿ, ಅಲ್ಲಿಯ ಓಟ ಏಪ್ರಿಲ್ 20ಕ್ಕೆ. ಹೀಗಾಗಿ 2025ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡುವಾಗ ನನಗಿನ್ನೂ 58 ಆಗಿದ್ದರೂ ಅರವತ್ತರವರ ರಿಯಾಯಿತಿ ದಕ್ಕಿತ್ತು. ನಿವೃತ್ತಿಗೆ ಮೊದಲೇ ಪಿಂಚಣಿ ಕೈಸೇರಿದ ಹಾಗೆ.

ಆ ದಿನ ನಾನು 3 ಗಂಟೆ 47 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದೆ. ಬಸವನಗುಡಿಯ ನಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿಯೂ ಆಯಿತು. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದ ಮೇಲೆ ಬಂದ ಉತ್ತರ ಮಾತ್ರ ಬೇರೆಯಾಗಿತ್ತು. ಅರ್ಹರ ಸಂಖ್ಯೆ ಇರುವ ಜಾಗಗಳಿಗಿಂತ ಹೆಚ್ಚಾದಾಗ ನಿಗದಿತ ಸಮಯಕ್ಕಿಂತ ಹೆಚ್ಚು ಬೇಗ ಓಡಿದವರಿಗೆ ಮೊದಲ ಆದ್ಯತೆ. ಆ ಸಲ 4 ನಿಮಿಷ 34 ಸೆಕೆಂಡ್ ಮಿಗಿಸಿದವರಿಗಷ್ಟೇ ಪ್ರವೇಶ ಸಿಕ್ಕಿತು. ನಾನು ಹೊರಗುಳಿದದ್ದು 1 ನಿಮಿಷ 44 ಸೆಕೆಂಡಿನಿಂದ. ಹಿಂದಿನ ವರ್ಷ ಈ ಅಂತರ 6 ನಿಮಿಷ 51 ಸೆಕೆಂಡ್ ಇತ್ತೆಂಬುದು ಗೊತ್ತಿದ್ದೂ 3 ಗಂಟೆ 50 ನಿಮಿಷವನ್ನೇ ಗುರಿಯೆಂದುಕೊಂಡಿದ್ದು ಪೂರ್ತಿ ನನ್ನ ತಪ್ಪು. ಅದು ಅರ್ಜಿ ಹಾಕುವ ಹಕ್ಕು ಕೊಡುತ್ತದೆಯೇ ಹೊರತು ಜಾಗ ಕೊಡುವುದಿಲ್ಲ. 2026ರ ಜನವರಿಯ ಮುಂಬೈ ಓಟಕ್ಕೆ ನಾನು 3 ಗಂಟೆ 42 ನಿಮಿಷದ ಗುರಿ ಇಟ್ಟುಕೊಂಡೆ, ಎಂದರೆ ಕಿಲೋಮೀಟರಿಗೆ ಸುಮಾರು 5 ನಿಮಿಷ 16 ಸೆಕೆಂಡ್.

ಅಷ್ಟು ವೇಗ ಎಲ್ಲಿಂದ ತರುವುದು? ಮೊದಲ ಸಲದ ತರಬೇತಿಯಲ್ಲಿ ನಾನು ಮೊಬೈಲಿನಲ್ಲಿ ಸಿಕ್ಕ, ಮೂವತ್ತರ ಹರೆಯದವರಿಗೆ ಒಪ್ಪುವ ವೇಳಾಪಟ್ಟಿಯನ್ನು ಹಿಡಿದು ವಾರಕ್ಕೆ ಆರು ದಿನ ಓಡಿದ್ದೆ. ಕಬ್ಬನ್ ಪಾರ್ಕಿನಲ್ಲಿ ಜೊತೆಗೆ ಓಡುವ ಹುಡುಗರಿಗೆ ಕಿಲೋಮೀಟರಿಗೆ ಆರು ನಿಮಿಷದ ವೇಗವೆಂದರೆ ಹರಟೆ ಹೊಡೆಯುವ ಓಟ. ನನಗೆ ಅದರಲ್ಲಿ ಮಾತು ಹೊರಡುತ್ತಿರಲಿಲ್ಲ, ಆದರೂ ಹಿಂದೆ ಬೀಳಲು ನಾಚಿಕೆ. ಅಕ್ಟೋಬರಿನ ಹೊತ್ತಿಗೆ ಬಲಗಾಲಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಕೊಂಡು, ಬೆಳಿಗ್ಗೆ ಹಾಸಿಗೆಯಿಂದಿಳಿದರೆ ಬಚ್ಚಲುಮನೆಯವರೆಗೆ ಗೋಡೆ ಹಿಡಿದು ನಡೆಯುವಂತಾಯಿತು. ಫಿಸಿಯೋಥೆರಪಿಯ ಹುಡುಗಿ ನನ್ನ ದಿನಚರಿಯನ್ನೆಲ್ಲ ಓದಿ, "ಸರ್, ಇದರಲ್ಲಿ ನೀವು ನಿಧಾನವಾಗಿ ಓಡೋ ದಿನ ಯಾವುದು?" ಎಂದು ಕೇಳಿದಳು. ಅಂಥ ದಿನ ಒಂದೂ ಇರಲಿಲ್ಲ.

ಎರಡನೆಯ ಸಲ ನಾನು ಬದಲಿಸಿದ್ದು ಮುಖ್ಯವಾಗಿ ಇದನ್ನೇ. ಏಳು ದಿನದ ವಾರವನ್ನು ಕೈಬಿಟ್ಟು ಒಂಬತ್ತು ದಿನದ ಸುತ್ತು ಮಾಡಿಕೊಂಡೆ. ಮೂರು ದಿನಕ್ಕೊಂದು ಕಷ್ಟದ ಓಟ, ಅದರ ಮರುದಿನ ಓಟವೇ ಇಲ್ಲ, ಮೂರನೆಯ ದಿನ ಕಿಲೋಮೀಟರಿಗೆ ಏಳು ನಿಮಿಷದ ಆಸುಪಾಸಿನ ನಿಧಾನದ ಓಟ. ಈ ವಯಸ್ಸಿನಲ್ಲಿ ಒಂದೇ ಒಂದು ಓಟದಿಂದ ಶ್ವಾಸಕೋಶ ಬೇಗ ಚೇತರಿಸಿಕೊಂಡರೂ ಸ್ನಾಯು ಮತ್ತು ರಜ್ಜುಗಳು ಚೇತರಿಸಿಕೊಳ್ಳುವುದು ತಡ, ಉಸಿರನ್ನು ನಂಬಿ ಓಡಿದವನ ಕಾಲು ಕೆಡುತ್ತದೆ. ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, 73ನೆಯ ವಯಸ್ಸಿನಲ್ಲಿ, 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ್ದರು; ಅವರ ತರಬೇತಿಯ ಬಹುಪಾಲು ಮನೆಯ ಹತ್ತಿರದ ಸ್ಮಶಾನದೊಳಗೆ ಗಂಟೆಗಟ್ಟಲೆ ಸುತ್ತುತ್ತಿದ್ದ ನಿಧಾನದ ಓಟವೇ ಆಗಿತ್ತು. ನನಗೆ ಸಿಕ್ಕಿದ್ದು ಲಾಲ್‌ಬಾಗ್. ಅಲ್ಲಿ ಬಿರುಸಾಗಿ ನಡೆಯುವವರು ನನ್ನನ್ನು ಹಿಂದೆ ಹಾಕಿದ ದಿನವೂ ಉಂಟು.

ವಯಸ್ಸನ್ನು 220ರಿಂದ ಕಳೆದು ಗರಿಷ್ಠ ಹೃದಯ ಬಡಿತ ಕಂಡುಕೊಳ್ಳುವ ಸೂತ್ರವನ್ನೂ ಬಿಟ್ಟೆ. ಅದರ ಪ್ರಕಾರ 59ರ ನನಗೆ 161 ಬರಬೇಕು. ನಂದಿ ಬೆಟ್ಟದ ಏರಿನಲ್ಲಿ, ಬಡಿತ ಅಳೆಯಲು ಕಟ್ಟಿಕೊಂಡ ಎದೆಪಟ್ಟಿ 174 ತೋರಿಸಿತು. ಸೂತ್ರ ಹೇಳುವುದು ಸರಾಸರಿಯನ್ನು, ಒಬ್ಬೊಬ್ಬರ ಹೃದಯವನ್ನಲ್ಲ. ಇಷ್ಟೆಲ್ಲಕ್ಕೂ ಮೊದಲು ಹೃದ್ರೋಗ ತಜ್ಞರಲ್ಲಿ ಇಸಿಜಿ, ಎಕೋ ಮತ್ತು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ ಪರೀಕ್ಷೆಗಳನ್ನು ಮಾಡಿಸಿಕೊಂಡಿದ್ದೆ. ಐವತ್ತು ದಾಟಿದವರು ಇದನ್ನು ಮುಂದೂಡುವುದನ್ನು ನಾನು ಧೈರ್ಯವೆಂದು ಕರೆಯಲಾರೆ.

ಹಿಮ್ಮಡಿಗೆ ಮದ್ದು ಸಿಕ್ಕಿದ್ದು ಮನೆಯ ಮೆಟ್ಟಿಲಲ್ಲಿ. ಮೆಟ್ಟಿಲಿನ ಅಂಚಿಗೆ ಮುಂಗಾಲನ್ನಷ್ಟೇ ಊರಿ, ಎರಡೂ ಕಾಲಿನಲ್ಲಿ ಮೇಲೆದ್ದು, ನೋವಿನ ಕಾಲೊಂದರ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಹದಿನೈದರಂತೆ ಮೂರು ಸಲ, ಬೆಳಿಗ್ಗೆ ಮತ್ತು ಸಂಜೆ. ಅದನ್ನೇ ಮತ್ತೆ ಮೊಣಕಾಲು ತುಸು ಮಡಿಸಿ ಮಾಡಬೇಕು, ಆಗ ಒಳಗಿನ ಮೀನಖಂಡಕ್ಕೂ ಕೆಲಸವಾಗುತ್ತದೆ. ಮೊಮ್ಮಗಳು ಎಣಿಸುತ್ತ ಕೂರುತ್ತಿದ್ದಳು. ನಾನು ಅವಸರದಲ್ಲಿ ಇಳಿಸಿದರೆ "ತಾತ, ಇದು ಲೆಕ್ಕಕ್ಕಿಲ್ಲ" ಎನ್ನುವಳು. ಹನ್ನೆರಡು ವಾರಗಳಲ್ಲಿ ಬೆಳಗಿನ ಬಿಗಿತ ಹೋಯಿತು.

ದೂರದ ಓಟಗಳನ್ನು ಡಾಂಬರು ಬಿಟ್ಟು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಮ್ಮಣ್ಣಿನ ದಾರಿಗೆ ಒಯ್ದೆ. ಹದಿನೆಂಟು ದಿನಕ್ಕೊಮ್ಮೆ 30-32 ಕಿಲೋಮೀಟರ್, ಕೊನೆಯ ಹತ್ತು ಮಾತ್ರ ಗುರಿಯ ವೇಗದಲ್ಲಿ. ಡಿಸೆಂಬರಿನಲ್ಲಿ ಇನ್ನೊಂದು ತೊಡಕು ಎದುರಾಯಿತು. ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನ ಚಳಿಯಲ್ಲಿ ತಯಾರಾದ ಮೈ, ಕಡಲಂಚಿನ ಮುಂಬೈಯ ಜಿಗುಟು ಹವೆಗೆ ಕಂಗಾಲಾಗುತ್ತದೆ; ಹಿಂದಿನ ವರ್ಷ ಪೆಡ್ಡರ್ ರಸ್ತೆಯ ಏರಿನಲ್ಲಿ ನಾನು ನಡೆದಿದ್ದೆ. ಆದ್ದರಿಂದ ಕೊನೆಯ ಎರಡು ವಾರ ಬೆಳಗಿನ ಜಾವದ ಬದಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ತೋಳುದ್ದದ ಅಂಗಿ ತೊಟ್ಟು ಓಡಿದೆ. "ಏನ್ರೀ, ಈ ಬಿಸಿಲಲ್ಲಿ ಯಾರಾದ್ರೂ ಓಡ್ತಾರಾ?" ಎಂದು ಹೆಂಡತಿ ಗೇಟಿನವರೆಗೆ ಬಂದು ಗದರುತ್ತಿದ್ದಳು.

ಜನವರಿ 18ರಂದು ಮೊದಲ ಅರ್ಧವನ್ನು ಬೇಕೆಂದೇ ತಡೆದು ಓಡಿ, ಪೆಡ್ಡರ್ ರಸ್ತೆಯನ್ನು ಸಣ್ಣ ಹೆಜ್ಜೆಗಳಲ್ಲಿ ನಿಲ್ಲದೆ ಹತ್ತಿದೆ. ಮುಗಿಸಿದ್ದು 3 ಗಂಟೆ 41 ನಿಮಿಷ 52 ಸೆಕೆಂಡಿಗೆ. 2027ರ ಬಾಸ್ಟನ್ ಓಟಕ್ಕೆ ನನ್ನ ಕೈಯಲ್ಲಿ ಈಗ 8 ನಿಮಿಷ 8 ಸೆಕೆಂಡಿನ ಮಿಗತೆಯಿದೆ. ಮೈಸೂರು ಪಾಕು ಈ ಸಲ ಸೆಪ್ಟೆಂಬರಿನ ಉತ್ತರ ಬಂದ ಮೇಲೆಯೇ ಎಂದು ಮನೆಯಲ್ಲಿ ತೀರ್ಮಾನವಾಗಿದೆ.