ಭಾರದ ಪಂಪಿಗೆ ಸರಿಯಾದ ಆಸರೆ: ಬೇಸ್‌ಮೆಂಟಿನಲ್ಲಿ ನನ್ನ ಅನುಭವ

ನ್ಯೂಜೆರ್ಸಿಯ ಹಳೆಯ ಮನೆಗಳಲ್ಲಿ ಅನೇಕವು ಚಳಿಗಾಲದಲ್ಲಿ ಬೆಚ್ಚಗಿರುವುದು ಬಿಸಿನೀರಿನಿಂದ. ಬೇಸ್‌ಮೆಂಟಿನ ಬಾಯ್ಲರಿನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ನೀರನ್ನು ಸರ್ಕ್ಯುಲೇಟರ್ ಪಂಪ್ ಕೋಣೆ ಕೋಣೆಗೂ ತಳ್ಳಿ, ತಣಿದ ನೀರನ್ನು ಮರಳಿ ತರುತ್ತದೆ. ನಾವು ಕೊಂಡ ಮನೆಯಲ್ಲಿದ್ದದ್ದು ಎರಕದ ಕಬ್ಬಿಣದ ಹಳೆಯ ಮಾದರಿಯ ಪಂಪು: ನೀರು ಹಾಯುವ ಒಡಲು, ನಡುವೆ ಬೇರಿಂಗ್, ಅದರಾಚೆ ಪಕ್ಕಕ್ಕೆ ಚಾಚಿಕೊಂಡ ಮೋಟಾರು, ಎಲ್ಲ ಸೇರಿ ಹತ್ತು ಕೆ.ಜಿ. ಆಸುಪಾಸು. ಇಷ್ಟು ಭಾರವೂ ಒಂದೂಕಾಲು ಇಂಚಿನ ತಾಮ್ರದ ಕೊಳವೆಯನ್ನೇ ನೆಚ್ಚಿಕೊಂಡಿತ್ತು. ಹಿಂದೆ ಯಾರೋ ಮೋಟಾರಿನ ಕೆಳಗೆ ಮರದ ತುಂಡೊಂದನ್ನು ಒತ್ತಿಟ್ಟಿದ್ದರು. ಹತ್ತಿರದ ಬೆಸುಗೆಯೊಂದರಲ್ಲಿ ನೀರು ಜಿನುಗಿ ಹಸಿರು ಕಿಲುಬು ಕಟ್ಟಿತ್ತು.

ನೀರು ತುಂಬಿದ ಆ ಕೊಳವೆಯ ತೂಕ ಮೀಟರಿಗೆ ಎರಡು ಕೆ.ಜಿ. ಹತ್ತಿರ. ಅಂದರೆ ಐದು ಮೀಟರ್ ಕೊಳವೆಯ ಭಾರ ಒಂದು ಗೇಣಿನ ಜಾಗದಲ್ಲಿ ಕುಳಿತಿದೆ. ಕೊಳವೆಯನ್ನು ಮೇಲಿನಿಂದ ತೂಗಿಹಿಡಿಯುವ ಹ್ಯಾಂಗರುಗಳ ನಡುವಿನ ಅಂತರವನ್ನು ಹೇಳುವ ಪಟ್ಟಿಗಳು ಬರಿಯ ಕೊಳವೆ ಮತ್ತು ಅದರೊಳಗಿನ ನೀರನ್ನು ಲೆಕ್ಕಕ್ಕೆ ಹಿಡಿಯುತ್ತವೆಯೇ ಹೊರತು ನಡುವೆ ಬರುವ ಪಂಪನ್ನಲ್ಲ. ಅದಕ್ಕೆ ಪ್ರತ್ಯೇಕ ಆಸರೆ ಬೇಕು. ಮೋಟಾರು ಒಂದೇ ಬದಿಗೆ ಚಾಚಿರುವುದರಿಂದ ಭಾರವು ಕೊಳವೆಯನ್ನು ಕೆಳಗೆಳೆಯುವುದಷ್ಟೇ ಅಲ್ಲ, ತಿರುಚಲೂ ನೋಡುತ್ತದೆ. ಆದ್ದರಿಂದ ಒಂಟಿ ರಾಡಿನ ಬಳೆ ಹ್ಯಾಂಗರ್ ಇಲ್ಲಿ ಸಾಲದೆಂದು ನನಗೆ ತೋರಿತು. ಬಳೆಯೊಳಗೆ ಕೊಳವೆ ಉರುಳಿಬಿಡುತ್ತದೆ.

ಮರದ ತುಂಡನ್ನು ಮೊದಲು ತೆಗೆದೆ. ಈ ಬಗೆಯ ಪಂಪಿನಲ್ಲಿ ಮೋಟಾರು ರಬ್ಬರಿನ ಮೇಲೆ ಕೂತಿರುತ್ತದೆ, ಅದರ ಶಾಫ್ಟನ್ನೂ (ತಿರುಗುವ ದಂಡ) ಬೇರಿಂಗಿನ ಶಾಫ್ಟನ್ನೂ ಸ್ಪ್ರಿಂಗಿನ ಕಪ್ಲರ್ ಜೋಡಿಸುತ್ತದೆ. ಕೆಳಗಿನಿಂದ ಮೋಟಾರನ್ನು ಎತ್ತಿ ಹಿಡಿದರೆ ಎರಡು ಶಾಫ್ಟುಗಳ ನೇರ ತಪ್ಪಿ, ಕಪ್ಲರ್ ಮುರಿಯುತ್ತದೆ. ಆಸರೆ ಕೊಡಬೇಕಾದದ್ದು ಕೊಳವೆಗೆ, ಅದೂ ಪಂಪನ್ನು ಕೊಳವೆಗೆ ಬೋಲ್ಟಿನಿಂದ ಸೇರಿಸುವ ಅಂಚುಗಳಾದ ಫ್ಲ್ಯಾಂಜುಗಳ ಪಕ್ಕದಲ್ಲೇ.

ವಿದ್ಯುತ್ ಕಡಿದು, ನೀರು ತಣಿದ ಮೇಲೆ ಎರಡೂ ಬದಿಯ ವಾಲ್ವ್ ಮುಚ್ಚಿ, ಒತ್ತಡ ಇಳಿಸಿ, ಕೊಳವೆಗೆ ತಾತ್ಕಾಲಿಕ ಆಸರೆ ಕೊಟ್ಟು ಬೋಲ್ಟ್ ಬಿಚ್ಚಿದೆ. ಪಂಪು ಹೊರಬಂದ ಕೂಡಲೇ ಕೊಳವೆಯ ಒಂದು ತುದಿ ಅರ್ಧ ಬೆರಳಿನಷ್ಟು ಮೇಲೆದ್ದಿತು. ಅಷ್ಟು ಸೆಳೆತವನ್ನು ಆ ಬೆಸುಗೆ ವರ್ಷಗಟ್ಟಲೆ ತಡೆದುಕೊಂಡಿತ್ತು. ಬೆಸುಗೆಯನ್ನು ಹೊಸದಾಗಿ ಮಾಡಿದ ನಂತರ, ಫ್ಲ್ಯಾಂಜಿನಿಂದ ಒಂದು ಗೇಣಿನೊಳಗೆ, ಎರಡೂ ಬದಿಯಲ್ಲಿ ಉಯ್ಯಾಲೆ ಮಣೆಯಂತೆ ಒಂದೊಂದು ಉಕ್ಕಿನ ಚಾನೆಲ್ಲನ್ನು (ತೋಡಿನಾಕಾರದ ಪಟ್ಟಿ) ಮೇಲಿನ ಮರದ ಜಂತೆಗಳಿಂದ ಜೋಡಿ ರಾಡುಗಳಲ್ಲಿ ತೂಗುಹಾಕಿ, ಅದರ ಮೇಲೆ ಕೊಳವೆಯನ್ನು ಕ್ಲ್ಯಾಂಪಿನಿಂದ ಬಿಗಿದೆ. ಮೋಟಾರಿನ ಭಾರ ಎರಡು ರಾಡುಗಳ ನಡುವೆಯೇ ಬೀಳುವಂತೆ ಚಾನೆಲ್ಲನ್ನು ಸರಿಸಿಕೊಂಡದ್ದರಿಂದ ಕೊಳವೆ ಉರುಳಲು ಆಸ್ಪದವಿಲ್ಲ.

ರಾಡು ಸೋಲುವುದು ಅಪರೂಪ. ಸೋಲುವುದು ಮರದಲ್ಲಿ ಅದು ಕಚ್ಚಿದ ಜಾಗ. ಜಂತೆಯ ತಳಕ್ಕೆ ಮೇಲ್ಮುಖವಾಗಿ ಸ್ಕ್ರೂ ಹಾಕಿದರೆ ಇಡೀ ಭಾರ ಅದನ್ನು ನೇರವಾಗಿ ಕಿತ್ತುಕೊಳ್ಳಲು ನೋಡುತ್ತದೆ. ನಾನು ಜಂತೆಯ ಪಕ್ಕಕ್ಕೆ, ಮಧ್ಯರೇಖೆಗಿಂತ ತುಸು ಮೇಲೆ, ಎಲ್-ಬ್ರಾಕೆಟ್ ಇಟ್ಟು ದಪ್ಪ ಸ್ಕ್ರೂಗಳನ್ನು ಅಡ್ಡಲಾಗಿ ಹಾಕಿದೆ.

ಕ್ಲ್ಯಾಂಪುಗಳಿಗೆ ರಬ್ಬರಿನ ಒಳಪಟ್ಟಿ ಇರಲೇಬೇಕು. ತಾಮ್ರವೂ ಉಕ್ಕೂ ನೇರವಾಗಿ ತಾಗಿಕೊಂಡು ತೇವ ಸೇರಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ರಬ್ಬರಿಲ್ಲದಿದ್ದರೆ ಮೋಟಾರಿನ ಗುಂಯ್‌ಗುಡುವಿಕೆಯೂ ಜಂತೆಗೆ ಹತ್ತಿ ಮೇಲಿನ ಮಲಗುವ ಕೋಣೆಯಲ್ಲಿ ಕೇಳಿಸುತ್ತದೆ. 20ರಿಂದ 80 ಡಿಗ್ರಿಗೆ ಕಾಯುವಾಗ ತಾಮ್ರ ಮೀಟರಿಗೆ ಒಂದು ಮಿಲಿಮೀಟರಿನಷ್ಟು ಹಿಗ್ಗುವುದರಿಂದ ಕೊಳವೆಯನ್ನು ಗೋಡೆಗೆ ಜಡಿಯುವುದು ತರವಲ್ಲ. ತೂಗುವ ರಾಡುಗಳು ಉದ್ದಕ್ಕೆ ಆ ಚಲನೆಯನ್ನು ಬಿಟ್ಟುಕೊಡುತ್ತವೆ.

ಕೊನೆಯ ಹೊಂದಾಣಿಕೆಗೆ ನಾನು ಹೆಚ್ಚು ಹೊತ್ತು ಕೊಟ್ಟೆ. ಪಂಪನ್ನು ಕೂರಿಸಿ, ಬೋಲ್ಟುಗಳನ್ನು ಸಡಿಲವಾಗಿಯೇ ಇಟ್ಟು, ಫ್ಲ್ಯಾಂಜುಗಳು ಸಮಾನಾಂತರವಾಗಿ ಮುಖಾಮುಖಿ ನಿಲ್ಲುವವರೆಗೆ, ಬೋಲ್ಟು ಕೈಬೆರಳಿನಲ್ಲೇ ತೂತಿನೊಳಗೆ ಜಾರುವವರೆಗೆ ರಾಡುಗಳ ನಟ್ಟನ್ನು ತಿರುಗಿಸುತ್ತ ಹೋದೆ. ಶಾಫ್ಟು ಅಡ್ಡಮಟ್ಟದಲ್ಲಿದೆಯೇ ಎಂದು ರಸಮಟ್ಟ ಇಟ್ಟು ನೋಡಿ, ಫ್ಲ್ಯಾಂಜುಗಳ ನಡುವೆ ನೀರು ಸೋರದಂತೆ ಹೊಸ ಗ್ಯಾಸ್ಕೆಟ್ ಹಾಕಿ, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಬಾಯ್ಲರ್ ಪೂರ್ಣ ಕಾದ ಮೇಲೆ ಮತ್ತೊಮ್ಮೆ ಮಟ್ಟ ನೋಡಿದಾಗ ಒಂದು ನಟ್ಟಿಗೆ ಮಾತ್ರ ಕಾಲು ಸುತ್ತು ಬೇಕಾಯಿತು. ಈಗ ಪ್ರತಿ ಚಳಿಗಾಲದ ಆರಂಭದಲ್ಲಿ ನಟ್ಟುಗಳನ್ನು ಮುಟ್ಟಿ ನೋಡಿ, ಬೇರಿಂಗಿಗೆ ಕೆಲವೇ ಹನಿ ಎಣ್ಣೆ ಬಿಡುತ್ತೇನೆ. ಹೆಚ್ಚಾದ ಎಣ್ಣೆ ಸೋರಿ ಮೋಟಾರಿನ ಕೆಳಗಿನ ರಬ್ಬರನ್ನು ಮೆತ್ತಗೆ ಮಾಡುತ್ತದೆ.